ಜಪಾನೀಯರ ‘ಉಚಿ’: ಒಂದು ಶಬ್ದವಿಚಾರ

ಜಪಾನೀ ಭಾಷೆಯಲ್ಲಿ ಮನೆಗೆ ಏನೆನ್ನುತ್ತಾರೆಂದು ನಿಘಂಟನ್ನು ತೆರೆದು ನೋಡಿದರೆ ಒಂದಲ್ಲ, ಎರಡು ಮಾತುಗಳು ಮೊದಲಿಗೇ ಕಣ್ಣಿಗೆ ಬೀಳುತ್ತವೆ. ಒಂದು ‘ಇಯೆ’, ಇನ್ನೊಂದು ‘ಉಚಿ’. ಎರಡನ್ನೂ ಒಂದೇ ಚೀನೀ ಲಿಪಿಸಂಕೇತದಿಂದ ಬರೆಯುವ ರೂಢಿಯುಂಟು. ಮೇಲೊಂದು ಸೂರು, ಸೂರಿನ ಕೆಳಗೆ ಹಂದಿಯನ್ನು ಸೂಚಿಸುವ ಗುರುತು: ಇದು ಆ ಸಂಕೇತದ ರಚನೆ. ಮನೆಯೆಂದೊಡನೆ ಮನುಷ್ಯನಿಗಿಂತ ಮೊದಲು ಸಾಕುಪ್ರಾಣಿಯನ್ನು ನೆನೆದ ಪ್ರಾಚೀನ ಚೀನೀಯರ ಜಾಣತನಕ್ಕೆ ನಮ್ಮ ಒಕ್ಕಲಿಗರು ತಲೆದೂಗಿಯಾರು. ಆದರೆ ‘ಉಚಿ’ಗೆ ಮತ್ತೊಂದು ಸಂಕೇತವೂ ಇದೆ. ಅದರ ಅರ್ಥ ‘ಒಳಗೆ’ ಎಂದಷ್ಟೆ. ಉಚಿಯ ಮೂಲಾರ್ಥವೇ ಅದು. ಒಳಗು ಎಂಬುದೇ ಮನೆಯೆಂಬ ಅರ್ಥವನ್ನು ಪಡೆದು, ಮನೆಯವರು, ನಮ್ಮವರು, ನಾವು, ಕಡೆಗೆ ‘ನಾನು’ ಎಂಬವರೆಗೂ ಹಬ್ಬಿಕೊಂಡಿರುವ ಸಂಗತಿಯನ್ನು ಪ್ರಸ್ತುತ ಲೇಖನದಲ್ಲಿ ವಾಚಕರ ಮುಂದಿಡಬೇಕೆಂಬುದು ನನ್ನ ಉದ್ದೇಶ.

ದೂರದ ದ್ವೀಪದೇಶವೊಂದರ ಒಂದು ಶಬ್ದವನ್ನು ಕುರಿತು ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವೇನೆಂದು ಕೇಳುವವರು ಇರಬಹುದು. ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು 1999ರಲ್ಲಿ ಉತ್ಪಾದನೆಯನ್ನು ಪ್ರಾರಂಭಿಸಿದ ಮೇಲೆ ಕನ್ನಡನಾಡಿನ ತರುಣರಿಗೆ ಜಪಾನೀಯರ ಸಹವಾಸವು ಅಪರೂಪವಾಗಿ ಉಳಿದಿಲ್ಲ. ಅಂಥವರೊಡನೆ ಕೆಲಸಮಾಡುವವರು ದಿನಕ್ಕೆ ಹತ್ತಾರು ಬಾರಿ ಈ ಮಾತನ್ನು ಕೇಳುತ್ತಾರೆ. ಕೇಳಿ, ‘ಮನೆ’ ಎಂದು ಅನುವಾದಿಸಿಕೊಂಡು, ಅರ್ಥವಾಗದೆ ಮುಖ ನೋಡುತ್ತಾರೆ. ಭಾಷೆ ಕಲಿಸುವ ಪುಸ್ತಕಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಎರಡು ಸಾಲಿಗೆ ಮುಗಿಯುವ ವಿಷಯ ಇದಲ್ಲ.

ಮೊದಲು ‘ಇಯೆ’ ಮತ್ತು ‘ಉಚಿ’ಗಳ ಭೇದವನ್ನು ತಿಳಿದುಕೊಳ್ಳಬೇಕು. ‘ಇಯೆ’ ಎಂದರೆ ಕಲ್ಲು ಮರಗಳಿಂದ ಕಟ್ಟಿದ ಮನೆ. ಅಂತೆಯೇ ತಲೆಮಾರುಗಳಿಂದ ನಡೆದುಬಂದ ಮನೆತನ. ಮನೆ ಕಟ್ಟಿಸಿದೆ, ಮನೆ ಸುಟ್ಟುಹೋಯಿತು, ಆ ಮನೆತನ ದೊಡ್ಡದು ಎನ್ನುವಲ್ಲೆಲ್ಲ ‘ಇಯೆ’ ಸಲ್ಲುತ್ತದೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟೆ ಎನ್ನುವಾಗ ಮಾತ್ರ ನಾಲಗೆಗೆ ಸಹಜವಾಗಿ ಬರುವುದು ‘ಉಚಿ’. ಗೆಳೆಯನ ‘ಉಚಿ’ ಎಂದೂ ಹೇಳಬಹುದಾದರೂ, ಯಾರದೆಂದು ಹೇಳದೆ ಬರಿದೆ ‘ಉಚಿ’ ಎಂದರೆ ಅದು ಹೇಳುವವನದೇ ಮನೆ. ‘ನನ್ನ’ ಎಂಬ ವಿಶೇಷಣವು ಆ ಶಬ್ದದ ಹೊಟ್ಟೆಯಲ್ಲಿಯೇ ಇದೆ.

ಒಳಗು ಎಂಬ ಮೂಲಾರ್ಥವು ಇನ್ನೂ ಜೀವಂತವಾಗಿರುವುದಕ್ಕೆ ಬೇಕಾದಷ್ಟು ಸಾಕ್ಷ್ಯಗಳಿವೆ. ಹರೆಯವಿರುವಾಗಲೇ ಕಲಿಯಬೇಕು ಎನ್ನಲು ‘ಹರೆಯದ ಉಚಿಯಲ್ಲಿ’ ಎನ್ನುತ್ತಾರೆ. ಮನಸ್ಸಿನೊಳಗೆ ಎನ್ನಲು ‘ಮನಸ್ಸಿನ ಉಚಿ’. ಸ್ವಲ್ಪ ಕಾಲದಲ್ಲಿ ಎನ್ನಲು ‘ಸೊನೊ ಉಚಿ’. ‘ಒಂದು ವಾರದೊಳಗೆ’, ‘ಅಷ್ಟರೊಳಗೆ’ ಎನ್ನುವ ಕನ್ನಡಿಗನಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಸ್ಥಳದ ಒಳಗನ್ನು ಕಾಲಕ್ಕೂ ಹಿಗ್ಗಿಸುವುದು ನಮಗೂ ಗೊತ್ತು. ಆದರೆ ನಮ್ಮ ‘ಮನೆ’ ಎಂಬ ಮಾತು ಬೇರೆಯ ದಾರಿಯಿಂದ ಬಂದದ್ದು. ತಂಗು, ನೆಲೆಗೊಳ್ಳು ಎಂಬರ್ಥದ ದ್ರಾವಿಡ ಧಾತುವಿನೊಡನೆ ಅದಕ್ಕೆ ಸಂಬಂಧವನ್ನು ಹೇಳುತ್ತಾರೆ. ಉಚಿಗೆ ನಿಜವಾದ ಸಾಟಿ ನೆರೆಯ ತಮಿಳಿನಲ್ಲಿದೆ. ಅಲ್ಲಿ ‘ಅಗಂ’ ಎಂದರೆ ಒಳಗೆ. ಅಗಂ ಎಂದರೆ ಮನೆ. ಅಗಂ ಎಂದರೆ ಮನಸ್ಸು. ಸಂಗಂ ಕಾವ್ಯಪ್ರಪಂಚವನ್ನೇ ಅಗಂ, ಪುರಂ ಎಂದು ಒಳಗು ಹೊರಗುಗಳಾಗಿ ಇಬ್ಭಾಗ ಮಾಡಿದ ಜನ ಅವರು. ಇದರಿಂದ ಜಪಾನೀ ಮತ್ತು ತಮಿಳು ಭಾಷೆಗಳಿಗೆ ರಕ್ತಸಂಬಂಧವಿದೆಯೆಂದು ಯಾರೂ ಭಾವಿಸಬಾರದು. ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ಹಾಗೆ ವಾದಿಸಿದ್ದುಂಟು. ಆದರೆ ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ.

ಒಳಗು ಎಂದಮೇಲೆ ಹೊರಗು ಇರಲೇಬೇಕು. ಅದಕ್ಕೆ ಜಪಾನೀಯರು ‘ಸೊತೊ’ ಎನ್ನುತ್ತಾರೆ. ಫೆಬ್ರವರಿ ತಿಂಗಳ ಮೊದಲ ವಾರದಲ್ಲಿ ಬರುವ ಸೆತ್ಸುಬುನ್ ಎಂಬ ಹಬ್ಬದ ದಿನ ಹುರಿದ ಸೋಯಾ ಅವರೆಯನ್ನು ಎರಚುತ್ತ, ದೆವ್ವಗಳನ್ನು ಸೊತೊಗೆ ಓಡಿಸಿ ಭಾಗ್ಯವನ್ನು ಉಚಿಗೆ ಕರೆಯುವ ಪದ್ಧತಿಯಿದೆ. ಮಕ್ಕಳು ಈ ಎರಡು ಮಾತುಗಳನ್ನು ಜೋಡಿಯಾಗಿ ಕಲಿಯುವುದು ಬಹುಶಃ ಅಲ್ಲಿಯೇ.

ಈ ಒಳಹೊರಗುಗಳ ಗೆರೆಯನ್ನು ಕಣ್ಣಾರೆ ಕಾಣಬೇಕಾದರೆ ಜಪಾನೀ ಮನೆಯ ಬಾಗಿಲಲ್ಲಿ ನಿಲ್ಲಬೇಕು. ಬಾಗಿಲು ತೆರೆದೊಡನೆ ಸಿಗುವುದು ‘ಗೆಂಕನ್’ ಎಂಬ ಪುಟ್ಟ ತಗ್ಗು ಜಾಗ. ಪಾದರಕ್ಷೆಯನ್ನು ಅಲ್ಲಿಯೇ ಬಿಡಬೇಕು. ಅದರಾಚೆ ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿ ಮನೆಯ ನೆಲ ಪ್ರಾರಂಭವಾಗುತ್ತದೆ. ಆದಕಾರಣ ಅತಿಥಿಯನ್ನು ‘ಒಳಗೆ ಬನ್ನಿ’ ಎಂದು ಕರೆಯುವುದಕ್ಕಿಂತ ‘ಮೇಲೆ ಹತ್ತಿರಿ’ ಎಂದು ಕರೆಯುವುದೇ ಅಲ್ಲಿ ವಾಡಿಕೆ. ಹತ್ತುವ ಅತಿಥಿಯು ‘ಒಜಾಮಾ ಶಿಮಾಸ್’ ಎನ್ನುತ್ತಾನೆ. ನಿಮಗೆ ಅಡ್ಡಿಯಾಗುತ್ತಿದ್ದೇನೆ ಎಂದು ಅದರ ಭಾವ. ಬಿಟ್ಟ ಪಾದರಕ್ಷೆಗಳ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಡುತ್ತಾರೆ, ಹೊರಡುವಾಗ ಮೆಟ್ಟಲು ಅನುಕೂಲವಾಗಲೆಂದು. ಮನೆಯವರು ಹೊರಗೆ ಹೊರಡುವಾಗ ‘ಇತ್ತೆಕಿಮಾಸ್’ ಎನ್ನುವರು. ಇದನ್ನು ಇಂಗ್ಲಿಷಿಗೆ ತರಲು ಅನುವಾದಕರು ಪಡುವ ಪಾಡು ಅಷ್ಟಿಷ್ಟಲ್ಲ. ಕನ್ನಡಕ್ಕೆ ತರಲು ಒಂದು ನಿಮಿಷವೂ ಬೇಡ: ‘ಹೋಗಿ ಬರುತ್ತೇನೆ.’ ಅದಕ್ಕೆ ಒಳಗಿನಿಂದ ಬರುವ ಉತ್ತರ ‘ಇತ್ತೆರಷ್ಷಾಯ್’, ಅಂದರೆ ‘ಹೋಗಿ ಬನ್ನಿ’. ಹಿಂತಿರುಗಿದವನು ‘ತದಾಇಮಾ’ ಎನ್ನುತ್ತಾನೆ. ‘ಈಗ ತಾನೇ’ ಎಂದು ಅದರ ಶಬ್ದಾರ್ಥ, ಬಂದೆ ಎಂಬುದು ಅಧ್ಯಾಹಾರ. ಒಳಗಿದ್ದವರು ‘ಒಕಾಎರಿ’, ಮರಳಿದೆಯಾ, ಎಂದು ಸ್ವಾಗತಿಸುತ್ತಾರೆ. ಈ ನಾಲ್ಕು ಮಾತುಗಳನ್ನು ಆಡುವುದು ಒಳಗಿನವರು ತಮ್ಮತಮ್ಮಲ್ಲಿ. ಆಫೀಸಿನಿಂದ ಕೆಲಸದ ಮೇಲೆ ಹೊರಗೆ ಹೋಗಿಬರುವ ನೌಕರನೂ ಸಹೋದ್ಯೋಗಿಗಳಿಗೆ ಇವೇ ಮಾತುಗಳನ್ನು ಹೇಳುತ್ತಾನೆಂಬುದನ್ನು ಗಮನಿಸಿದರೆ, ಮನೆಯ ಗೋಡೆಗಳು ಎಲ್ಲಿಯವರೆಗೆ ಸರಿಯಬಲ್ಲವೆಂಬುದು ತಿಳಿಯುತ್ತದೆ.

ತತ್ತ್ವಜ್ಞಾನಿ ತೆತ್ಸುರೋ ವಾತ್ಸುಜಿಯವರು ಹವೆ ಮತ್ತು ಸಂಸ್ಕೃತಿಗಳ ಸಂಬಂಧವನ್ನು ಕುರಿತು 1935ರಲ್ಲಿ ಪ್ರಕಟಿಸಿದ ‘ಫೂದೊ’ ಎಂಬ ಗ್ರಂಥದಲ್ಲಿ ಈ ಮನೆಯ ರಚನೆಯನ್ನು ಪರಿಶೀಲಿಸಿದ್ದಾರೆ. ಸಾಂಪ್ರದಾಯಿಕ ಜಪಾನೀ ಮನೆಯೊಳಗೆ ಕೋಣೆ ಕೋಣೆಗಳ ನಡುವೆ ಇರುವುದು ಕಾಗದ ಹಚ್ಚಿದ, ಸರಿಸಬಹುದಾದ ತಡಿಕೆಗಳು. ಬೀಗವಿಲ್ಲ, ಚಿಲಕವಿಲ್ಲ. ಒಳಗಿನವರ ನಡುವೆ ಅಡ್ಡಗೋಡೆ ಬೇಡವೆಂಬ ನಂಬಿಕೆಯ ಮೇಲೆ ನಿಂತ ಮನೆ ಅದು. ಬೀಗ ಬೇಲಿಗಳೆಲ್ಲ ಹೊರಗಿನವರಿಗೆ. ಗಂಡಹೆಂಡಿರನ್ನು ಹೆಸರಿಸುವ ಮಾತುಗಳೂ ಇದನ್ನೇ ಅನುಸರಿಸಿವೆ. ಹೆಂಡತಿಯು ಗಂಡನನ್ನು ‘ಉಚಿ ನೊ ಹಿತೊ’ ಎನ್ನುತ್ತಾಳೆ. ನಮ್ಮ ಹೆಣ್ಣುಮಕ್ಕಳು ‘ನಮ್ಮ ಮನೆಯವರು’ ಎನ್ನುವುದಕ್ಕೂ ಇದಕ್ಕೂ ಕೂದಲೆಳೆಯ ಅಂತರವಿಲ್ಲ. ಗಂಡನು ತನ್ನ ಹೆಂಡತಿಯನ್ನು ‘ಕನಾಯ್’ ಎನ್ನುತ್ತಾನೆ, ಮನೆಯೊಳಗು ಎಂದರ್ಥ. ಪರರ ಪತ್ನಿಯಾದರೆ ‘ಒಕುಸಾನ್’, ಮನೆಯ ಒಳತುದಿಯಲ್ಲಿರುವ ಮಾನ್ಯರು. ಇತ್ತೀಚಿನ ವಿದ್ಯಾವಂತ ಸ್ತ್ರೀಯರಿಗೆ ಈ ಮಾತುಗಳು ಹಿಡಿಸುವುದಿಲ್ಲ. ಹಗಲೆಲ್ಲ ಕಚೇರಿಯಲ್ಲಿ ದುಡಿಯುವವಳನ್ನು ಮನೆಯೊಳಗು ಎಂದು ಕರೆದರೆ ಅವಳು ಹೇಗೆ ಮೆಚ್ಚಿಯಾಳು?

ಇನ್ನು ಉಚಿಯ ನಿಜವಾದ ಸೋಜಿಗಕ್ಕೆ ಬರೋಣ. ಜಪಾನೀ ಕಲಿಯುವ ಕನ್ನಡಿಗನು ಎಡವಿ ಬೀಳುವುದು ಇಲ್ಲಿಯೇ, ನಾನೂ ಬಿದ್ದಿದ್ದೇನೆ. ಅಭ್ಯಾಸದ ಪಾಠವಾಗಿ ನನ್ನ ತಂದೆಯವರನ್ನು ಕುರಿತು ನಾಲ್ಕು ವಾಕ್ಯ ಬರೆಯಬೇಕಾಗಿ ಬಂದಾಗ, ನಮ್ಮ ಸಂಸ್ಕಾರಕ್ಕೆ ತಕ್ಕಂತೆ ‘ಒತೋಸಾನ್’ ಎಂಬ ಗೌರವದ ಮಾತನ್ನು ಬಳಸಿ, ಕ್ರಿಯಾಪದಕ್ಕೂ ಬಹುಮಾನದ ರೂಪವನ್ನು ಹಚ್ಚಿ ಒಪ್ಪಿಸಿದೆ. ಕಲಿಸುತ್ತಿದ್ದ ಜಪಾನೀ ಮಹಿಳೆಯು ನಾಲ್ಕು ವಾಕ್ಯಗಳನ್ನೂ ಕೆಂಪು ಶಾಯಿಯಲ್ಲಿ ತಿದ್ದಿದರು. ತಂದೆಗೆ ಗೌರವ ಕೊಟ್ಟದ್ದು ತಪ್ಪೇ ಎಂದು ನಾನು ಕೇಳಿದರೆ, ಅವರು ನಕ್ಕು, ‘ನನ್ನೆದುರಿಗೆ ಕೊಟ್ಟದ್ದು ತಪ್ಪು’ ಎಂದರು. ಹೊರಗಿನವರ ಮುಂದೆ ತನ್ನ ತಂದೆ ‘ಚಿಚಿ’, ತಾಯಿ ‘ಹಹಾ’. ಯಾವ ಮನ್ನಣೆಯ ಬಾಲವೂ ಇಲ್ಲದ ಬರಿಯ ಮಾತುಗಳು. ಕೇಳುವವರ ತಂದೆಯಾದರೆ ‘ಒತೋಸಾನ್’. ಮನೆಯೊಳಗೆ ತಂದೆಯನ್ನೇ ಕರೆಯುವಾಗಲೂ ‘ಒತೋಸಾನ್’. ವ್ಯಕ್ತಿ ಅವರೇ, ಮಗನೂ ಅವನೇ. ಎದುರಿಗೆ ನಿಂತವರು ಬದಲಾದೊಡನೆ ಮಾತು ಬದಲಾಗಬೇಕು.

ನಮ್ಮಲ್ಲಿ ಗೌರವವು ವ್ಯಕ್ತಿಗೆ ಅಂಟಿಕೊಂಡದ್ದು. ಪೂಜ್ಯರನ್ನು ಕುರಿತು ಮಠದ ಒಳಗೆ ಆಡಿದರೂ, ಹೊರಗಿನ ಅಧಿಕಾರಿಗಳ ಮುಂದೆ ಆಡಿದರೂ ‘ದಯಮಾಡಿಸಿದರು’ ಎಂದೇ ನಾವು ಹೇಳುತ್ತೇವೆ. ಮುಖ್ಯೋಪಾಧ್ಯಾಯರು ಯಾರ ಮುಂದೆಯೂ ‘ಅವರು’ ಆಗಿಯೇ ಇರುತ್ತಾರೆ. ಜಪಾನಿನಲ್ಲಿ ಒಂದು ವ್ಯಾಪಾರಸಂಸ್ಥೆಗೆ ಹೊರಗಿನ ಗಿರಾಕಿಯು ದೂರವಾಣಿ ಮಾಡಿ ಅಧ್ಯಕ್ಷರಿದ್ದಾರೆಯೇ ಎಂದು ಕೇಳಿದನೆನ್ನಿ. ನಿನ್ನೆ ಮೊನ್ನೆ ಸೇರಿದ ಗುಮಾಸ್ತೆಯು ತನಗಿಂತ ನಲವತ್ತು ವರ್ಷ ಹಿರಿಯರಾದ ಆ ಅಧ್ಯಕ್ಷರ ಹೆಸರಿಗೆ ‘ಸಾನ್’ ಎಂಬ ಗೌರವವಾಚಕವನ್ನೂ ಸೇರಿಸದೆ, ವಿನಯಸೂಚಕವಾದ ಕೆಳದರ್ಜೆಯ ಕ್ರಿಯಾಪದವನ್ನು ಬಳಸಿ, ಇಲ್ಲವೆಂದು ಹೇಳುತ್ತಾಳೆ. ಹಾಗೆ ಹೇಳದಿದ್ದರೆ ಅವಳಿಗೆ ಮಾತು ಬಾರದೆಂದು ತಿಳಿಯುತ್ತಾರೆ. ಮರುಗಳಿಗೆಯಲ್ಲಿ ಅದೇ ಅಧ್ಯಕ್ಷರ ಮನೆಯಿಂದ ಅವರ ಪತ್ನಿಯು ದೂರವಾಣಿ ಮಾಡಿದರೆ ಅದೇ ಗುಮಾಸ್ತೆಯು ಅದೇ ಅಧ್ಯಕ್ಷರನ್ನು ಪೂರ್ಣ ಮನ್ನಣೆಯಿಂದ ಹೆಸರಿಸುತ್ತಾಳೆ. ಮೊದಲ ಕರೆಯಲ್ಲಿ ಅಧ್ಯಕ್ಷರು ಅವಳ ಉಚಿಯವರು. ಎರಡನೆಯದರಲ್ಲಿ ಪತ್ನಿಯ ಉಚಿಯವರು. ಗೆರೆಯು ಆ ಒಬ್ಬ ಮನುಷ್ಯನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿಯಿತು. ಈ ಸರಿಯುವ ಗೆರೆಯೇ ಉಚಿಯ ಮರ್ಮ. ಇಟ್ಟಿಗೆ ಗಾರೆಗಳ ಮನೆಯಂತೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಒಂದೇ ಸಂಸ್ಥೆಯ ಬೇರೊಂದು ವಿಭಾಗದವರು ಇವತ್ತು ಮಧ್ಯಾಹ್ನದ ಸಭೆಯಲ್ಲಿ ಸೊತೊ. ಸಾಯಂಕಾಲ ಗಿರಾಕಿಯ ಮುಂದೆ ಅವರೂ ಉಚಿ.

ಕೊಡುವ ಕ್ರಿಯೆಗೂ ಈ ಗೆರೆ ಬಿದ್ದಿದೆ. ಒಳಗಿನಿಂದ ಹೊರಗೆ ಕೊಡುವುದು ‘ಅಗೆರು’; ಹೊರಗಿನಿಂದ ನನಗೆ ಕೊಡುವುದು ‘ಕುರೆರು’. ನನ್ನ ತಮ್ಮನಿಗೆ ಯಾರಾದರೂ ಪುಸ್ತಕ ಕೊಟ್ಟರೆ ಅದೂ ‘ಕುರೆರು’ವೇ. ತಮ್ಮನಿಗೆ ಸಂದದ್ದು ನನಗೇ ಸಂದಂತೆ ವ್ಯಾಕರಣವು ತೀರ್ಮಾನಿಸಿಬಿಟ್ಟಿದೆ. ಮಲೆಯಾಳವನ್ನು ಬಲ್ಲವರು ಇಲ್ಲಿ ಕಿವಿ ನಿಮಿರಿಸಬಹುದು: ಅಲ್ಲಿಯೂ ‘ತರು’, ‘ಕೊಡು’ ಎಂಬ ಎರಡು ಧಾತುಗಳು ಕೊಡುವಿಕೆಯನ್ನು ಹಂಚಿಕೊಂಡಿವೆ. ಆದರೆ ಮಲೆಯಾಳಿಯು ನನಗೆ ಕೊಡುವುದನ್ನೂ ನಿನಗೆ ಕೊಡುವುದನ್ನೂ ‘ತರು’ ಎಂದು ಒಂದೇ ಕಡೆ ಸೇರಿಸಿ, ಮೂರನೆಯವನನ್ನು ಮಾತ್ರ ಹೊರಗಿಡುತ್ತಾನೆ. ಜಪಾನೀಯನು ಎದುರಿಗೆ ಕುಳಿತ ನಿನ್ನನ್ನೂ ಹೊರಗಿಡುತ್ತಾನೆ. ಕನ್ನಡದಲ್ಲಿ ‘ತರು’ ಬೇರೆ ಕೆಲಸಕ್ಕೆ ಹೋಗಿ, ಎಲ್ಲರಿಗೂ ಕೊಡುವುದು ಒಂದೇ ಆಗಿದೆ. ಅಷ್ಟೇ ಏಕೆ, ಕೇಳುವವನನ್ನು ಸೇರಿಸಿಕೊಂಡ ‘ನಾವು’, ಸೇರಿಸಿಕೊಳ್ಳದ ‘ನಾವು’ ಎಂದು ತಮಿಳು ತೆಲುಗುಗಳು ಇಂದಿಗೂ ಉಳಿಸಿಕೊಂಡಿರುವ ಭೇದವನ್ನೂ ಕನ್ನಡವು ಕಳೆದುಕೊಂಡಿದೆ. ವೈಯಾಕರಣರು ಇದನ್ನು ನಷ್ಟವೆಂದಾರು. ಬಂದವನು ಯಾರವನೆಂದು ವಿಚಾರಿಸದೆ ಮನೆಯವನನ್ನಾಗಿ ಎಣಿಸಿಕೊಳ್ಳುವ ಬುದ್ಧಿಯನ್ನು ಬೇಡಿದ ಬಸವಣ್ಣನವರ ವಚನವನ್ನು ಬಾಲ್ಯದಿಂದ ಹೇಳಿಕೊಂಡು ಬಂದ ನನಗೇನೋ ಇದು ಅಂಥ ನಷ್ಟವೆಂದು ತೋರುವುದಿಲ್ಲ.

ಉಚಿಯನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿದವರಲ್ಲಿ ಚಿಯೆ ನಕಾನೆಯವರ ಹೆಸರನ್ನು ಅಗತ್ಯವಾಗಿ ಹೇಳಬೇಕು. 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಈ ವಿದುಷಿಯು ತೋಕ್ಯೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿಗೇರಿದ ಮೊದಲ ಮಹಿಳೆ. 1950ರ ದಶಕದಲ್ಲಿ ಭಾರತಕ್ಕೆ ಬಂದು ಗಾರೋ, ಖಾಸಿ ಜನರ ಮಾತೃವಂಶೀಯ ಪದ್ಧತಿಯನ್ನು ಅಭ್ಯಾಸಮಾಡಿದವರು. ನಮ್ಮ ಜಾತಿಕುಲಗಳನ್ನು ಕಣ್ಣಾರೆ ಕಂಡು ಹೋದಮೇಲೆಯೇ ತಮ್ಮ ದೇಶದ ವೈಲಕ್ಷಣ್ಯವು ಅವರಿಗೆ ಹೊಳೆದಿರಬೇಕು. 1967ರಲ್ಲಿ ಪ್ರಕಟವಾದ ಅವರ ಪುಸ್ತಕದ ಪ್ರತಿಪಾದನೆಯನ್ನು ಸಂಗ್ರಹಿಸಿ ಹೇಳುವುದಾದರೆ ಹೀಗೆ: ಮನುಷ್ಯರನ್ನು ಗುಂಪುಗೂಡಿಸುವ ಸೂತ್ರಗಳು ಎರಡು. ಒಂದೇ ಲಕ್ಷಣವುಳ್ಳವರು, ಅಂದರೆ ಒಂದೇ ರಕ್ತ, ಜಾತಿ, ವೃತ್ತಿಯವರು, ಒಂದಾಗುವುದು ಒಂದು ಬಗೆ. ಲಕ್ಷಣವೇನೇ ಇರಲಿ, ಒಂದೇ ಚೌಕಟ್ಟಿನೊಳಗೆ ಇರುವವರು ಒಂದಾಗುವುದು ಇನ್ನೊಂದು ಬಗೆ. ಭಾರತದಲ್ಲಿ ಮೊದಲನೆಯದು ಬಲವಾಗಿದೆ, ಜಪಾನಿನಲ್ಲಿ ಎರಡನೆಯದು. ನಮ್ಮಲ್ಲಿ ಅಣ್ಣತಮ್ಮಂದಿರು ಬೇರೆಯಾದರೂ ಸಾಯುವ ತನಕ ಅಣ್ಣತಮ್ಮಂದಿರೇ. ಜಪಾನಿನಲ್ಲಿ ಬೇರೆ ಮನೆ ಮಾಡಿದ ತಮ್ಮನು ಬೇರೆ ಮನೆಯವನು, ಮದುವೆಯಾಗಿ ಹೋದ ಮಗಳು ಹೊರಗಿನವಳು. ಎಲ್ಲಿಂದಲೋ ಬಂದ ಸೊಸೆಯು ಅವರೆಲ್ಲರಿಗಿಂತ ಹತ್ತಿರದವಳು. ಕೆಲಸಮಾಡುವ ಸಂಸ್ಥೆಯು ಇಂಥ ಚೌಕಟ್ಟಾದುದರಿಂದಲೇ ಅದನ್ನು ನೌಕರನು ‘ಉಚಿ’ ಎನ್ನುತ್ತಾನೆ, ಎದುರಿನವನ ಸಂಸ್ಥೆಯನ್ನು ‘ಒತಾಕು’, ‘ನಿಮ್ಮ ಮನೆ’, ಎನ್ನುತ್ತಾನೆ. ವೃತ್ತಿ ಯಾವುದೆಂದು ಕೇಳಿದರೆ ಎಂಜಿನಿಯರೆಂದೋ ಗುಮಾಸ್ತನೆಂದೋ ಹೇಳುವ ಮೊದಲು ಇಂಥ ಸಂಸ್ಥೆಯವನೆಂದು ಹೇಳುವುದೂ ಇದರಿಂದಲೇ. ನಕಾನೆಯವರ ಸಿದ್ಧಾಂತವು ಒಂದು ದೇಶದ ಜನರನ್ನೆಲ್ಲ ಒಂದೇ ಅಚ್ಚಿಗೆ ಎರೆಯುತ್ತದೆಂಬ ಆಕ್ಷೇಪಣೆಯು ನ್ಯಾಯವಾದದ್ದೇ. ಆದರೂ ಉಚಿಯ ಬಳಕೆಯನ್ನು ಅರ್ಥಮಾಡಿಕೊಳ್ಳಲು ಅದಕ್ಕಿಂತ ಹರಿತವಾದ ಉಪಕರಣವನ್ನು ನಾನು ಕಂಡಿಲ್ಲ.

ಚೌಕಟ್ಟು ಮುಖ್ಯ, ರಕ್ತವಲ್ಲ ಎಂಬುದಕ್ಕೆ ನಮ್ಮೆಲ್ಲರಿಗೂ ಪರಿಚಿತವಾದ ನಿದರ್ಶನವೊಂದಿದೆ. 1983ರ ಡಿಸೆಂಬರಿನಿಂದ ನಮ್ಮ ರಸ್ತೆಗಳಲ್ಲಿ ಓಡತೊಡಗಿದ ಮಾರುತಿ ಕಾರಿನ ಹಿಂದೆ ಜಪಾನಿನ ಸುಜುಕಿ ಸಂಸ್ಥೆಯಿತ್ತು. ಭಾರತಕ್ಕೆ ಬರುವ ನಿರ್ಧಾರ ಮಾಡಿದ ಅದರ ಅಧ್ಯಕ್ಷ ಒಸಾಮು ಸುಜುಕಿಯವರು ಹುಟ್ಟಿನಿಂದ ಸುಜುಕಿಯಲ್ಲ, ಮತ್ಸುದಾ ಮನೆತನದವರು. 1958ರಲ್ಲಿ ಸಂಸ್ಥಾಪಕರ ಮೊಮ್ಮಗಳನ್ನು ಮದುವೆಯಾಗಿ, ದತ್ತಕವಾಗಿ ಆ ಮನೆಯ ಹೆಸರನ್ನು ಹೊತ್ತುಕೊಂಡರು. ಇಂಥ ದತ್ತಕ ಅಳಿಯನಿಗೆ ‘ಮುಕೊಯೋಶಿ’ ಎಂದು ಹೆಸರು. ಅವರಿಗೆ ಮೊದಲೂ ಆ ಸಂಸ್ಥೆಯನ್ನು ಇಂಥ ಅಳಿಯನೇ ನಡೆಸಿದ್ದುಂಟು. ನಮ್ಮಲ್ಲಿ ‘ಮನೆಯಳಿಯ’ ಎಂದರೆ ತುಟಿಯಂಚಿನಲ್ಲಿ ನಗುವವರೇ ಹೆಚ್ಚು. ಅಲ್ಲಿ ಹುಟ್ಟಿದ ಮಗನು ದಡ್ಡನಾದರೆ ಯೋಗ್ಯನಾದ ಪರಪುತ್ರನನ್ನು ಒಳಗೆ ತಂದು ಮನೆತನವನ್ನು ಉಳಿಸಿಕೊಳ್ಳುವುದು ವ್ಯವಹಾರಸ್ಥರ ವಿವೇಕವೆನಿಸಿತ್ತು. ನಮ್ಮ ವಿರಕ್ತ ಪರಂಪರೆಯಲ್ಲಿಯೂ ಬೇರೆ ಮನೆಯ ಬಾಲಕನು ಬಂದು, ಹೆಸರು ಬದಲಾಯಿಸಿಕೊಂಡು, ಮಠದ ಉತ್ತರಾಧಿಕಾರಿಯಾಗುವುದುಂಟಷ್ಟೆ. ಆದರೆ ಅದು ಮನೆಯನ್ನು ಬಿಡುವುದು, ಇದು ಮನೆಯನ್ನು ಹೊರುವುದು.

ಇಷ್ಟು ಹೇಳಿದ ಮೇಲೆ ಉಚಿಯು ಬರಿಯ ಅಕ್ಕರೆಯ ಮಾತೆಂದು ವಾಚಕರು ಭಾವಿಸಿದರೆ ಅದು ನನ್ನ ತಪ್ಪಾದೀತು. ಒಳಗೆ ಸೇರಿಸಿಕೊಳ್ಳಬಲ್ಲ ಗೆರೆಯು ಹೊರಗೆ ತಳ್ಳಲೂ ಬಲ್ಲದು. ‘ಮುರಾಹಾಚಿಬು’ ಎಂಬುದೊಂದು ಹಳೆಯ ಗ್ರಾಮಶಿಕ್ಷೆ. ಊರಿನವರು ಪರಸ್ಪರ ಸಹಾಯಮಾಡಬೇಕಾದ ಹತ್ತು ಸಂದರ್ಭಗಳಲ್ಲಿ ಎಂಟನ್ನು ಕಡಿದುಹಾಕಿ, ಬೆಂಕಿ ಬಿದ್ದಾಗ ಮತ್ತು ಸಾವಾದಾಗ ಮಾತ್ರ ನೆರವಿಗೆ ಬರುವುದೆಂದು ಅದಕ್ಕೆ ವಾಡಿಕೆಯ ವಿವರಣೆ. ನಮ್ಮ ಬಹಿಷ್ಕಾರಕ್ಕೆ ಸಮಾನವಾದದ್ದು. ಇದು ಪುರಾತನ ಕಾಲದ ಕತೆಯೂ ಅಲ್ಲ. 1952ರಲ್ಲಿ ಶಿಜುಓಕಾ ಪ್ರಾಂತದ ಉಏನೊ ಎಂಬ ಹಳ್ಳಿಯಲ್ಲಿ, ಸಂಸತ್ತಿನ ಮೇಲ್ಮನೆಯ ಉಪಚುನಾವಣೆಯಲ್ಲಿ ಒಬ್ಬರ ಮತವನ್ನು ಇನ್ನೊಬ್ಬರು ಹಾಕುವ ಅಕ್ರಮ ನಡೆಯಿತು. ಪ್ರೌಢಶಾಲೆಯಲ್ಲಿ ಓದುತ್ತಿದ್ದ ಅದೇ ಹಳ್ಳಿಯ ಬಾಲಿಕೆಯೊಬ್ಬಳು ಅದನ್ನು ಪತ್ರಿಕೆಗೆ ಬರೆದು ತಿಳಿಸಿದಳು. ತನಿಖೆಯಾಯಿತು. ಅಕ್ರಮ ಮಾಡಿದವರ ಮೇಲೆ ಊರಿಗೆ ಸಿಟ್ಟು ಬರಲಿಲ್ಲ. ಒಳಗಿನದನ್ನು ಹೊರಗೆ ಹಾಕಿದ ಹುಡುಗಿಯ ಮೇಲೆ ಬಂದಿತು. ಅವಳ ಮನೆಯವರನ್ನು ಊರು ದೂರವಿಟ್ಟಿತು. ಭತ್ತದ ನಾಟಿಯ ಕಾಲದಲ್ಲಿ ನೆರೆಯವರ ಕೈಗಳಿಲ್ಲದೆ ಗದ್ದೆ ನಡೆಯದ ಊರಿನಲ್ಲಿ ದೂರವಿಡುವುದೆಂದರೆ ಏನೆಂಬುದು ಬೇಸಾಯ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ದೇಶದಾದ್ಯಂತ ಈ ಸುದ್ದಿ ಗದ್ದಲವೆಬ್ಬಿಸಿತು. ಮರುವರ್ಷ ಅದನ್ನೇ ವಸ್ತುವಾಗಿಸಿಕೊಂಡ ಚಲನಚಿತ್ರವೂ ಬಂದಿತು. ಶಾಲೆಯಲ್ಲಿ ಪೌರನೀತಿಯನ್ನು ಬೋಧಿಸುವ ನಾವು, ಆ ಪಾಠವನ್ನು ಅಕ್ಷರಶಃ ನಂಬಿದ ವಿದ್ಯಾರ್ಥಿಯ ಬೆನ್ನಿಗೆ ಎಷ್ಟುಮಂದಿ ನಿಲ್ಲುತ್ತೇವೆಂದು ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ.

ಕಾನೂನಿನಲ್ಲಿಯೂ ಮನೆ ಮನುಷ್ಯನಿಗಿಂತ ದೊಡ್ಡದಾಗಿದ್ದ ಕಾಲವೊಂದಿತ್ತು. 1898ರಲ್ಲಿ ಜಾರಿಗೆ ಬಂದ ಮೇಜಿ ಯುಗದ ನಾಗರಿಕ ಸಂಹಿತೆಯು ‘ಇಯೆ’ಯನ್ನೇ ಸಮಾಜದ ಘಟಕವೆಂದು ಘೋಷಿಸಿ, ಅದರ ಯಜಮಾನನಿಗೆ ಒಳಗಿನವರ ಮದುವೆ, ವಾಸಸ್ಥಳಗಳ ಮೇಲೆ ಅಧಿಕಾರ ಕೊಟ್ಟಿತ್ತು. ಯಜಮಾನಿಕೆಯು ಸಾಮಾನ್ಯವಾಗಿ ಹಿರಿಯ ಮಗನಿಗೆ. ಮದುವೆಯೆಂದರೆ ಹೆಣ್ಣು ಗಂಡಿನ ಇಯೆಯನ್ನು ಪ್ರವೇಶಿಸುವುದು. ಯುದ್ಧಾನಂತರ 1947ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದ 24ನೆಯ ವಿಧಿಯು ಗಂಡುಹೆಣ್ಣುಗಳ ಸಮಾನತೆಯ ಮೇಲೆ ಮದುವೆಯನ್ನು ನಿಲ್ಲಿಸಿದಾಗ ಆ ಪದ್ಧತಿ ಕುಸಿಯಿತು. ಆ ವಿಧಿಯ ಕರಡನ್ನು ಬರೆದಾಕೆ, ಬಾಲ್ಯವನ್ನು ಜಪಾನಿನಲ್ಲಿಯೇ ಕಳೆದಿದ್ದ ಬೆಯಾತೆ ಸಿರೋತಾ ಎಂಬ 22 ವರ್ಷದ ತರುಣಿ ಎಂಬುದು ಹಲವರಿಗೆ ತಿಳಿಯದ ಸಂಗತಿ. ಇಯೆ ಕುಸಿದರೂ ಅದರ ಒಂದು ಕಂಬ ಇನ್ನೂ ನಿಂತಿದೆ. ಸರಕಾರದ ‘ಕೊಸೆಕಿ’ ಎಂಬ ಕುಟುಂಬದಾಖಲೆಯಲ್ಲಿ ಗಂಡಹೆಂಡಿರಿಗೆ ಒಂದೇ ಮನೆಹೆಸರು ಇರಲೇಬೇಕು. ಯಾರ ಹೆಸರನ್ನಾದರೂ ಆರಿಸಿಕೊಳ್ಳಬಹುದೆಂದು ಕಾನೂನು ಹೇಳುತ್ತದೆ, ಸುಮಾರು ಶೇ. 95ರಷ್ಟು ಮದುವೆಗಳಲ್ಲಿ ಹೆಸರು ಬಿಡುವವಳು ಹೆಣ್ಣು. ಇದರ ವಿರುದ್ಧ ಮೊಕದ್ದಮೆ ಹೂಡಿದವರಿಗೆ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿಯೂ 2021ರಲ್ಲಿಯೂ, ನಿಯಮವು ಸಂವಿಧಾನಬದ್ಧವೇ ಆಗಿದೆಯೆಂದು ತೀರ್ಪಿತ್ತಿತು.

ಮಾತುಗಳಿಗೂ ಹಣೆಬರಹವಿರುತ್ತದೆ. ‘ನಿಮ್ಮ ಮನೆ’ ಎಂಬ ಸಭ್ಯ ಅರ್ಥದ ‘ಒತಾಕು’ ಎಂಬುದು ‘ತಾವು’ ಎಂಬರ್ಥದಲ್ಲಿಯೂ ಬಳಕೆಯಲ್ಲಿದ್ದಿತು. ಚಿತ್ರಕಥೆ, ವ್ಯಂಗ್ಯಚಲನಚಿತ್ರಗಳಲ್ಲಿ ಮುಳುಗಿದ ಹುಡುಗರು ತಮ್ಮತಮ್ಮಲ್ಲಿ ಹಾಗೆ ಸಂಬೋಧಿಸಿಕೊಳ್ಳುವುದನ್ನು ಕಂಡು 1983ರಲ್ಲಿ ಅಕಿಯೊ ನಕಾಮೊರಿ ಎಂಬ ಲೇಖಕರು ಅವರಿಗೇ ಆ ಹೆಸರನ್ನು ಅಂಟಿಸಿದರು. ಇಂದು ಜಗತ್ತಿನಲ್ಲೆಲ್ಲ ಅದು ಅಂಥ ಹುಚ್ಚಿನವರ ಹೆಸರಾಗಿದೆ. ಉಚಿಯೂ ಸುಮ್ಮನಿಲ್ಲ. ಪಶ್ಚಿಮ ಜಪಾನಿನ ಹೆಂಗಸರು ‘ನಾನು’ ಎನ್ನಲು ಅದನ್ನು ಬಹುಕಾಲದಿಂದ ಬಳಸುತ್ತಿದ್ದರು. ಈಗ ಬೇರೆ ಕಡೆಯ ಶಾಲಾಬಾಲಿಕೆಯರೂ ಎತ್ತಿಕೊಂಡಿದ್ದಾರೆ. ಗಾದೆಯ ಮಟ್ಟದಲ್ಲಿ ‘ಉಚಿ ಬೆಂಕೇಯ್’ ಎಂಬ ಮಾತಿದೆ: ಬೆಂಕೇಯ್ ಎಂಬಾತ ಹನ್ನೆರಡನೆಯ ಶತಮಾನದ ಮಹಾಪರಾಕ್ರಮಿ ಸನ್ಯಾಸಿ, ಮನೆಯಲ್ಲಿ ಮಾತ್ರ ಬೆಂಕೇಯ್ ಆಗಿರುವವನು ನಮ್ಮ ಮನೆಯ ಹುಲಿ, ಬೀದಿಯ ಇಲಿ.

ಮದುವೆಯಾದವಳ ತವರಿಗೆ ‘ಜಿಕ್ಕಾ’, ನಿಜವಾದ ಮನೆ, ಎನ್ನುತ್ತಾರೆ. ಹಳ್ಳಿ ಬಿಟ್ಟು ನಗರ ಸೇರಿದ ಗಂಡಸರೂ ಈಗ ತಂದೆತಾಯಿಗಳ ಮನೆಯನ್ನು ಹಾಗೆಯೇ ಕರೆಯುತ್ತಾರೆ. ತವರು ಎಂಬ ಮಾತನ್ನು ಕನ್ನಡದ ಗಂಡಸು ತನಗಾಗಿ ಇನ್ನೂ ಬಳಸಿಕೊಂಡಿಲ್ಲ. ಆ ಜಿಕ್ಕಾಗಳು ಬರಿದಾಗುತ್ತಿವೆ. 2023ರ ವಸತಿ ಸಮೀಕ್ಷೆಯ ಪ್ರಕಾರ ಜಪಾನಿನಲ್ಲಿ ವಾಸಿಸುವವರಿಲ್ಲದ ಮನೆಗಳು ಸುಮಾರು 90 ಲಕ್ಷ. ಒಟ್ಟು ಮನೆಗಳಲ್ಲಿ ಶೇ. 13.8ರಷ್ಟು. ಮುದಿ ತಂದೆತಾಯಿಗಳು ತೀರಿಕೊಂಡ ಮೇಲೆ ಸಾಮಾನುಗಳನ್ನು ವಿಲೇವಾರಿ ಮಾಡಿ ಹಳೆಯ ಮನೆಯನ್ನು ಮುಚ್ಚುವುದಕ್ಕೆ ‘ಜಿಕ್ಕಾ ಜಿಮಾಯ್’ ಎಂಬ ಹೊಸ ಮಾತೇ ಹುಟ್ಟಿಕೊಂಡಿದೆ. ಇನ್ನೊಂದು ಕಡೆ, 2020ರ ಜನಗಣತಿಯಲ್ಲಿ ಶೇ. 38ರಷ್ಟು ಸಂಸಾರಗಳು ಒಬ್ಬೊಬ್ಬರವೇ ಆಗಿದ್ದವು. ಸಂಸಾರವೆಂಬ ಮಾತನ್ನೇ ಅವಕ್ಕೆ ಹೇಗೆ ಹಚ್ಚುವುದೋ ತಿಳಿಯದು. ಹಾಗೆ ಒಂಟಿಯಾಗಿ ಬಾಳುವವರಲ್ಲಿ ಅನೇಕರು ರಾತ್ರಿ ಕೆಲಸ ಮುಗಿಸಿ ಬಂದು, ಬೀಗ ತೆಗೆದು, ಕತ್ತಲೆಯ ಗೆಂಕನ್‌ನಲ್ಲಿ ಪಾದರಕ್ಷೆ ಕಳಚುತ್ತ, ಉತ್ತರ ಕೊಡುವವರು ಯಾರೂ ಇಲ್ಲವೆಂದು ತಿಳಿದೇ, ಗಟ್ಟಿಯಾಗಿ ‘ತದಾಇಮಾ’ ಎನ್ನುತ್ತಾರೆ.